ತೇಪೆಮರಗಳ ಡಾಕ್ಟರು

ನನ್ನ ದೊಡ್ಡಪ್ಪ ಡಾಕ್ಟರಲ್ಲ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವರು. ಆದರೂ ಊರ ನಡುವಿನ ಆ ದೊಡ್ಡ ಕಾಡುಪಾರ್ಕಿನಲ್ಲಿ ಮೂವತ್ತೆಂಟು ವರ್ಷ ಎಲ್ಲರೂ ಅವರನ್ನು ಡಾಕ್ಟ್ರು ಎಂದೇ ಕರೆದರು. ಮೊದಮೊದಲು ತಮಾಷೆಗೆ, ಆಮೇಲೆ ಅಭ್ಯಾಸಬಲದಿಂದ, ಕೊನೆಗೆ ನೋಯಿಸುವುದಕ್ಕೆ. ಈ ಮೂರನೆಯದನ್ನು ಮಾಡಿದವರನ್ನು ನಾನು ಇವತ್ತಿಗೂ ಮಾತಾಡಿಸುವುದಿಲ್ಲ.

ಅವರ ಕೆಲಸ ಮರ ನೋಡುವುದು. ಅದೂ ಒಂದು ಕೆಲಸವೇ ಎಂದು ನಗಬೇಡಿ. ಸುತ್ತ ಹತ್ತು ಲಕ್ಷ ಜನ ಬದುಕುವ ಕಾಡಿನಲ್ಲಿ ಕೊಂಬೆಯೊಂದು ಬಿತ್ತು ಎಂದರೆ ಯಾರದೋ ತಲೆಯ ಮೇಲೆ ಬಿತ್ತು ಎಂದೇ ಅರ್ಥ. ಯಾವ ಮರ ಒಳಗೆ ಗಟ್ಟಿ, ಯಾವುದು ಟೊಳ್ಳು ಎಂದು ಬೀಳುವ ಮೊದಲೇ ಹೇಳುವವರೊಬ್ಬರು ಬೇಕು. ಅದಕ್ಕೆ ದೊಡ್ಡಪ್ಪನ ಹತ್ತಿರ ಪೆನ್ಸಿಲ್ ದಪ್ಪದ, ಒಳಗೆ ಪೊಳ್ಳಾದ, ತುದಿ ಹರಿತವಾದ ಒಂದು ಉಕ್ಕಿನ ಸಲಾಕೆ ಇತ್ತು. ಕೆಲಸದವರು ಅದನ್ನು ಸೂಜಿ ಎನ್ನುತ್ತಿದ್ದರು. ಹಿಡಿ ತಿರುಗಿಸುತ್ತ ಹೋದರೆ ಅದು ಮರದೊಳಕ್ಕೆ ಇಳಿಯುತ್ತದೆ. ಹೊರಗೆ ಎಳೆದರೆ ಕಡ್ಡಿಯಷ್ಟು ಸಣ್ಣ ಮರದ ಎಳೆಯೊಂದು ಜೊತೆಗೆ ಬರುತ್ತದೆ. ದೊಡ್ಡಪ್ಪ ಆ ಎಳೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು, ಮೂಸುತ್ತಿದ್ದರು, ಒಂದೊಂದು ಸಲ ಹಲ್ಲಿನಲ್ಲಿ ಕಚ್ಚಿಯೂ ನೋಡುತ್ತಿದ್ದರು. ಆಮೇಲೆ ತೂತಿಗೆ ಮೇಣ ಮೆತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡ ಬಟ್ಟೆಯಿಂದ ಸೂಜಿ ಒರೆಸಿ, ರಿಜಿಸ್ಟರಿನಲ್ಲಿ ಮರದ ನಂಬರು, ತಾರೀಖು, ಹೊತ್ತು ಬರೆದು ಮುಂದಿನ ಮರಕ್ಕೆ ಹೋಗುತ್ತಿದ್ದರು. ಅವರ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಮುಂದೆ ಬಂದ ಸಂಕಟವೆಲ್ಲ ಗೊತ್ತಾದದ್ದು ಆ ಅಕ್ಷರಗಳಿಂದಲೇ.

ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಅಮ್ಮ ಮೊದಲೇ ಇರಲಿಲ್ಲ. ದೊಡ್ಡಪ್ಪ ನನ್ನನ್ನು ಕೈಹಿಡಿದು ಉತ್ತರದ ಗೇಟಿನ ಪಕ್ಕದ ತಮ್ಮ ಎರಡು ಕೋಣೆಯ ಮನೆಗೆ ಕರೆದುಕೊಂಡು ಬಂದರು. ಮುಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಮಂಚ, ಬಾಗಿಲ ಹಿಂದೆ ಆ ಬಟ್ಟೆ ತೂಗುಹಾಕುವ ಮೊಳೆ. ಹಿಂದಿನ ಕೋಣೆಯ ಕಿಟಕಿ ತೆರೆದರೆ ಪಾರ್ಕಿನ ಕೆರೆ. ಅವರಿಗೆ ಮಕ್ಕಳಿರಲಿಲ್ಲ. ದೊಡ್ಡಮ್ಮ ಬಂದವರ ಮುಂದೆಲ್ಲ ಹಂಗಿಸುತ್ತಿದ್ದರು: "ನಂಗೆ ಮೈ ಸುಡ್ತಾ ಇದ್ರೆ ಇವ್ರಿಗೆ ಗೊತ್ತಾಗಲ್ಲ. ಎಲ್ಲೋ ಒಂದು ಎಲೆ ಬಾಡಿದ್ರೆ ಊಟ ಬಿಡ್ತಾರೆ." ದೊಡ್ಡಪ್ಪ ತಲೆ ತಗ್ಗಿಸಿ ನಗುತ್ತಿದ್ದರು. ಸುಳ್ಳಾಗಿದ್ದರೆ ತಾನೆ ಎದುರು ಮಾತಾಡುವುದು.

ಆ ಕಾಡು ತಾನಾಗಿ ಬೆಳೆದದ್ದಲ್ಲ. ಒಂದು ಕಾಲಕ್ಕೆ ಅಲ್ಲಿ ಬರೀ ಬಂಡೆಯ ದಿಬ್ಬವಿತ್ತು. ಊರಿನ ಹಳೆಯ ಮನೆಗಳ ಗೋಡೆಗಳೆಲ್ಲ ಆ ದಿಬ್ಬದಿಂದಲೇ ಎದ್ದು ಹೋದವು. ಕಲ್ಲು ಮುಗಿದ ಮೇಲೆ ಗುಂಡಿ ಉಳಿಯಿತು. ಅರ್ಧ ಗುಂಡಿಯಲ್ಲಿ ಒರತೆಯ ನೀರು ನಿಂತು ಕೆರೆಯಾಯಿತು. ಉಳಿದರ್ಧಕ್ಕೆ ಊರು ತನ್ನ ಕಸವನ್ನೆಲ್ಲ ತಂದು ಸುರಿಯಿತು. ಒಂದು ಬೇಸಿಗೆಯಲ್ಲಿ ಜ್ವರ ಬಂದು ಸುತ್ತಲಿನ ಬೀದಿಗಳಲ್ಲಿ ಮನೆಗೊಬ್ಬರಂತೆ ಹೋದರು. ಆಗ ನಗರಸಭೆಗೆ ಬುದ್ಧಿ ಬಂದು, ಕಸ ಮುಚ್ಚಿ ಮಣ್ಣು ಹಾಕಿ ಕಾಡು ಬೆಳೆಸಿ ಎಂದು ಆಜ್ಞೆ ಮಾಡಿತು. ಆಜ್ಞೆ ಬಂತೇ ಹೊರತು ಸಸಿ ಬರಲಿಲ್ಲ.

ಆ ಕೆಲಸಕ್ಕೆ ಮೊದಲು ಹಚ್ಚಿದ ಇಪ್ಪತ್ತೆರಡು ಜನರಲ್ಲಿ ನನ್ನ ತಾತ, ಎಂದರೆ ದೊಡ್ಡಪ್ಪನ ಅಪ್ಪ, ಒಬ್ಬರು. ಗುಂಡಿಯ ಅಂಚಿನಲ್ಲಿ, ತೊರೆಯ ಪಕ್ಕ, ಕಲ್ಲು ಒಡೆಯುವವರು ನೆರಳಿಗೆಂದು ಕಡಿಯದೆ ಬಿಟ್ಟಿದ್ದ ಒಂದು ಮುದಿಮರವಿತ್ತು. ಆರು ಜನ ಕೈಕೈ ಹಿಡಿದರೂ ಬುಡ ತಬ್ಬಲಾಗದಂಥದ್ದು. ತೊಗಟೆ ತೇಪೆತೇಪೆಯಾಗಿ ಕಳಚಿ ಒಳಗಿನ ಬಿಳಿ, ಹಸಿರು, ಕಂದು ಎಲ್ಲ ಕಾಣುತ್ತಿದ್ದುದರಿಂದ ಅದರ ಜಾತಿಗೆ ತೇಪೆಮರ ಎಂದು ಅವರೇ ಹೆಸರಿಟ್ಟರು. ಅದರ ಕೊಂಬೆ ಕಡಿದು ಮೊಳದುದ್ದ ತುಂಡು ಮಾಡಿ ಹಸಿ ಮಣ್ಣಿಗೆ ಸಿಕ್ಕಿಸಿದರು. ಎಲ್ಲ ಚಿಗುರಿದವು. ನಡುದಾರಿಯ ಎರಡು ಬದಿಗೆ ಮುನ್ನೂರ ಹದಿನಾಲ್ಕು ಮರ. ಅದೇ ದೊಡ್ಡ ಸಾಲು. ಮಿಕ್ಕ ಇಪ್ಪತ್ತಾರು ಕಡ್ಡಿಗಳನ್ನು ಎಸೆಯಲು ಮನಸ್ಸಾಗದೆ ಕೆಲಸದವರ ಪಾಯಖಾನೆಯ ಹಿಂದೆ ಊರಿದರು. ಎಲ್ಲ ಒಂದೇ ತಾಯಿಯ ಮಕ್ಕಳು. ಮುದಿಮರವನ್ನು ಎಲ್ಲರೂ ಅಜ್ಜಿ ಎಂದರು.

ನಾನು ಬರುವ ಹೊತ್ತಿಗೆ ಅದು ಕಾಡೇ ಆಗಿತ್ತು. ಗೇಟು ದಾಟಿದರೆ ಸಾಕು, ಬೀದಿಯ ಝಳ ಹಿಂದೆಯೇ ನಿಂತುಬಿಡುತ್ತಿತ್ತು. ಕೆರೆಯ ನಡುವಿನ ಬಂಡೆಯ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಕಸದ ದಿಬ್ಬದ ಮೇಲೆ ಜೊಂಡು, ಅಣಬೆ, ನರಿಯ ಬಿಲ. ತೊರೆ ಅಜ್ಜಿಯ ಬೇರು ತೊಳೆದುಕೊಂಡು ಹೋಗಿ, ದಕ್ಷಿಣದ ಗೋಡೆಯ ಹತ್ತಿರ ಕೊಳವೆಗೆ ಇಳಿದು ಊರಿನ ಅಡಿಗೆ ಮಾಯವಾಗುತ್ತಿತ್ತು. ದೊಡ್ಡಪ್ಪ ನನಗೆ ಮಗ್ಗಿ ಕಲಿಸಿದ್ದು ಮರದ ನಂಬರುಗಳ ಮೇಲೆ.

ಮರಗಳಿಗೆ ಕಾಯಿಲೆ ಬಂದಾಗ ನಾನು ಪಾರ್ಕಿನ ಆಫೀಸಿನಲ್ಲೇ ದಾಖಲೆ ಕೋಣೆಯ ಗುಮಾಸ್ತೆಯಾಗಿದ್ದೆ. ಪೂರ್ವದ ಗೇಟಿನ ಹತ್ತಿರ, ದೊಡ್ಡ ಸಾಲಿನ ಮೊದಲ ಮರದ ಒಂದು ಕೊಂಬೆಯ ಎಲೆಗಳೆಲ್ಲ ನಡುಬೇಸಿಗೆಯಲ್ಲಿ ಹಸಿರಾಗಿದ್ದಂತೆಯೇ ಬಾಡಿ ಜೋತುಬಿದ್ದವು. ಮುಂದಿನ ವರ್ಷ ಇಡೀ ಮರ ಹೋಯಿತು. ಕಡಿದು ನೋಡಿದರೆ ಒಳಗೆಲ್ಲ ಶಾಯಿ ಚೆಲ್ಲಿದಂತೆ ಕಪ್ಪು. ಎಲ್ಲಿಂದ ಬಂತೋ ಇವತ್ತಿಗೂ ಯಾರಿಗೂ ತಿಳಿಯದು. ಮೇಲಿನಿಂದ ಕಳಿಸಿದ ತಜ್ಞರೊಬ್ಬರು ಬಂದು, ಇದು ಮರದ ನೀರಿನ ನಾಳಗಳಲ್ಲಿ ಬೆಳೆಯುವ ಶಿಲೀಂಧ್ರ, ಮದ್ದಿಲ್ಲ, ಹೇಗೆ ಹರಡುತ್ತಿದೆ ಎಂದು ಕಂಡುಹಿಡಿಯಿರಿ ಎಂದರು. ಬೇರು ಅಗೆಸಿ ನೋಡಿದರು, ಹುಳ ಹಿಡಿಸಿದರು. ಉಪಕರಣ ತೋರಿಸಿ ಎಂದೂ ಕೇಳಿದರು. ದೊಡ್ಡಪ್ಪ ಸೂಜಿ ತೆಗೆದುಕೊಟ್ಟರು. ಮುಖ ನೋಡಿಕೊಳ್ಳುವಷ್ಟು ಫಳಫಳ ಹೊಳೆಯುತ್ತಿತ್ತು. ತಜ್ಞರು ತಲೆದೂಗಿ ವಾಪಸ್ಸು ಕೊಟ್ಟು, ಮುಂದಿನ ಪ್ರಶ್ನೆಗೆ ಹೋದರು.

ಅಲ್ಲಿಂದ ದೊಡ್ಡಪ್ಪನಿಗೆ ಒಂದೇ ಜಪ. ಸಾಲು ಹೋದರೂ ಹೋಗಲಿ, ಅಜ್ಜಿ ಉಳಿಯಬೇಕು. ಅವಳು ಉಳಿದರೆ ಇನ್ನೊಂದು ಸಲ ಕೊಂಬೆ ಕಡಿದು ನೆಡಬಹುದು. ಅವಳು ಹೋದರೆ ಆ ವಂಶವೇ ಮುಗಿಯಿತು. ಕಪ್ಪು ಬೇಗ ಕಂಡರೆ ಆ ಮರವನ್ನು ತೆಗೆದು ಪಕ್ಕದವನ್ನು ಉಳಿಸಬಹುದೆಂದು ಅವರು ಮರ ನೋಡುವುದನ್ನು ಹೆಚ್ಚಿಸಿದರು. ವರ್ಷಕ್ಕೊಮ್ಮೆ ನೋಡುತ್ತಿದ್ದ ಮರಗಳನ್ನು ತಿಂಗಳಿಗೊಮ್ಮೆ ನೋಡತೊಡಗಿದರು. ಚೆನ್ನಾಗಿ ಬೆಳೆದ ಮರ, ಜನ ಕೂರುವ ಮರ, ತಾತ ನೆಟ್ಟ ಮರ, ಇವಕ್ಕೆ ಇನ್ನೂ ಹೆಚ್ಚಿನ ನಿಗಾ. ಅಲ್ಲಿಯತನಕ ಸೂಜಿ ತಾಗಿಸದಿದ್ದ ಅಜ್ಜಿಯನ್ನು ನೋಡುವುದು ತಿಂಗಳ ಕೊನೆಯ ಶನಿವಾರ, ವಾರದ ಎಲ್ಲ ಕೆಲಸ ಮುಗಿದ ಮೇಲೆ, ನಾಲ್ಕು ಗಂಟೆಗೆ. ಊರಿಗೆ ಹೋದ ಮಗ ಕೊನೆಗೆ ತಾಯಿಯ ಹತ್ತಿರ ಬಂದು ಕೂರುವ ಹಾಗೆ ಹೋಗುತ್ತಿದ್ದರು.

ಪಾಯಖಾನೆಯ ಹಿಂದಿನ ಇಪ್ಪತ್ತಾರನ್ನು ಮಾತ್ರ ಅವರು ಕಣ್ಣೆತ್ತಿಯೂ ನೋಡಲಿಲ್ಲ. ಅವು ಸೊಟ್ಟಸೊಟ್ಟಗೆ ಬೆಳೆದಿದ್ದವು, ವಾಸನೆ ಬೇರೆ. "ಅವುಕ್ಕೆ ಏನಾಗುತ್ತೆ ಬಿಡು, ಗಟ್ಟಿಪಿಂಡಗಳು" ಎನ್ನುತ್ತಿದ್ದರು.

ಮರಗಳು ಸಾಯುತ್ತಲೇ ಹೋದವು. ನಾಲ್ಕು ವರ್ಷದಲ್ಲಿ ನೂರ ಹನ್ನೆರಡು. ದೊಡ್ಡಪ್ಪ ಅರ್ಧಕ್ಕರ್ಧ ಇಳಿದುಹೋದರು. ಪ್ರತಿ ಭಾನುವಾರ ದೊಡ್ಡಮ್ಮ ಸೂಜಿ ಒರೆಸುವ ಆ ಬಟ್ಟೆಯನ್ನು ಸೋಡಾ ಹಾಕಿ ಕುದಿಸುತ್ತಿದ್ದರು. ದೊಡ್ಡಪ್ಪ ಪಕ್ಕದಲ್ಲೇ ಕೂತು ಸೂಜಿಯನ್ನು ಉರಿಯ ಮೇಲೆ ಕಾಯಿಸಿ ತುಕ್ಕು ಬಿಡಿಸಿ ಎಣ್ಣೆ ಸವರುತ್ತಿದ್ದರು. ಸೂತಕದ ಮನೆಯ ಹಾಗಿತ್ತು.

ಆ ಹೊತ್ತಿಗೆ ಪಾರ್ಕಿನ ಮೇಲಧಿಕಾರಿ ನನ್ನನ್ನು ಕರೆದು, ನಗರಸಭೆಗೆ ವರದಿ ಕಳಿಸಬೇಕು, ಸತ್ತ ಮರಗಳ ನಕಾಶೆ ಮಾಡು ಎಂದರು. ನಾನು ಉದ್ದನೆಯ ಹಾಳೆಯ ಮೇಲೆ ಮುನ್ನೂರ ನಲವತ್ತೊಂದು ಸೊನ್ನೆ ಬರೆದೆ. ಸತ್ತವಕ್ಕೆಲ್ಲ ಕೆಂಪು ತುಂಬಿದೆ. ಅಷ್ಟೇ ಮಾಡಿ ಕೊಟ್ಟಿದ್ದರೆ ಆಗುತ್ತಿತ್ತು. ಆದರೆ ಆಫೀಸಿನಲ್ಲಿ ಕೆಲವರು ಗುಸುಗುಸು ಶುರುಮಾಡಿದ್ದರು, ಡಾಕ್ಟ್ರು ಸರಿಯಾಗಿ ಸುತ್ತಿದ್ದರೆ ಇಷ್ಟಾಗುತ್ತಿತ್ತೇ ಎಂದು. ನನಗೆ ಮೈ ಉರಿಯಿತು. ನಮ್ಮ ದೊಡ್ಡಪ್ಪ ಎಷ್ಟು ದುಡಿದಿದ್ದಾರೆ ಎಂದು ಈ ಕೂತು ಉಣ್ಣುವವರಿಗೆ ಕಾಣಲಿ ಎಂದುಕೊಂಡು ಅವರ ರಿಜಿಸ್ಟರು ತೆಗೆದೆ. ಒಂದು ಸಲ ನೋಡಿದ ಮರದ ಪಕ್ಕ ಒಂದು ನೀಲಿ ಚುಕ್ಕೆ, ಹತ್ತು ಸಲ ನೋಡಿದ್ದರೆ ಹತ್ತು ಚುಕ್ಕೆ. ಮೂರು ದಿನ ಚುಕ್ಕೆ ಇಟ್ಟೆ.

ಮೂರನೆಯ ದಿನ ಶನಿವಾರ. ಮಧ್ಯಾಹ್ನ ಎರಡೂವರೆಗೆ ಚುಕ್ಕೆ ಮುಗಿಯಿತು. ನಕಾಶೆಯನ್ನು ಮೇಜಿನ ಮೇಲೆ ಹರಡಿ ಹಿಂದೆ ಸರಿದು ನೋಡಿದೆ. ಎಲ್ಲೆಲ್ಲಿ ನೀಲಿ ದಟ್ಟವಾಗಿತ್ತೋ ಅಲ್ಲೆಲ್ಲ ಕೆಂಪು. ಒಂದೂ ನೀಲಿ ಇಲ್ಲದ ಇಪ್ಪತ್ತಾರು ಸೊನ್ನೆಗಳು ಪಾಯಖಾನೆಯ ಹಿಂದೆ ಬೆಳ್ಳಗೆ ಕೂತಿದ್ದವು.

ಮತ್ತೆ ರಿಜಿಸ್ಟರು ತೆರೆದೆ. ಕಪ್ಪು ಎಳೆ ಬಂದ ದಿನಗಳನ್ನು ಹುಡುಕಿದೆ. ಒಂದು ಮರದಲ್ಲಿ ಕಪ್ಪು ಬಂದ ಮೇಲೆ ಅದೇ ದಿನ ಮುಂದೆ ನೋಡಿದ ನಾಲ್ಕು, ಐದು ಮರ ವರ್ಷ ಒಪ್ಪತ್ತಿನಲ್ಲಿ ಸತ್ತಿದ್ದವು. ಅದಕ್ಕೆ ಮೊದಲು ನೋಡಿದವು ಬದುಕಿದ್ದವು. ಸೋಮವಾರ ಬೆಳಿಗ್ಗೆ ಮೊದಲು ನೋಡಿದ ಮರಗಳಲ್ಲಿ, ಕುದಿಸಿದ ಬಟ್ಟೆ, ಕಾಯಿಸಿದ ಸೂಜಿಯ ಮರಗಳಲ್ಲಿ, ಒಂದೂ ಸತ್ತಿರಲಿಲ್ಲ. ಹುಳವೂ ಅಲ್ಲ, ಬೇರೂ ಅಲ್ಲ. ಸೂಜಿ. ಒರೆಸಿದ ಬಟ್ಟೆಯಲ್ಲೇ ಕಾಯಿಲೆ ಕೂತಿತ್ತು. ಒರೆಸಿದಷ್ಟೂ ಸೂಜಿಗೆ ಹತ್ತಿತ್ತು. ನಾಲ್ಕು ವರ್ಷ ದೊಡ್ಡಪ್ಪ ಕಾಯಿಲೆಯನ್ನು ಮರದಿಂದ ಮರಕ್ಕೆ ತಾವೇ ಹೊತ್ತುಕೊಂಡು ಹೋಗಿದ್ದರು, ಪ್ರೀತಿ ಹೆಚ್ಚಿದ್ದ ಮರಕ್ಕೆ ಹೆಚ್ಚು ಸಲ.

ಅದು ತಿಂಗಳ ಕೊನೆಯ ಶನಿವಾರ. ನಾಲ್ಕಕ್ಕೆ ಅವರು ಅಜ್ಜಿಯ ಹತ್ತಿರ ಇರುತ್ತಾರೆ. ಆಫೀಸಿನಿಂದ ಅಲ್ಲಿಗೆ ಕಾಲು ಗಂಟೆಯ ದಾರಿ. ನಾನು ಏಳಬೇಕಿತ್ತು. ಏಳಲಿಲ್ಲ. ಎಲ್ಲೋ ತಪ್ಪಿರಬೇಕು ಎಂದು ಪೆನ್ಸಿಲ್ ಕೆತ್ತಿಕೊಂಡು ಮತ್ತೆ ಮೊದಲಿನಿಂದ ತಾಳೆ ನೋಡಿದೆ. ತಪ್ಪಿರಲಿಲ್ಲ ಎಂದು ನನಗೆ ಗೊತ್ತಿತ್ತು. ಕಿಟಕಿ ಮುಚ್ಚಿದೆ, ತೆರೆದೆ. ಆ ಮನುಷ್ಯನಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ ಎಂದು ಕೂತೆ. ಹೇಡಿತನಕ್ಕೆ ಬೇರೆ ಹೆಸರಿಡುವುದಿಲ್ಲ, ಹೇಡಿತನವೇ. ಗಡಿಯಾರ ನೋಡಿದಾಗ ನಾಲ್ಕಾಗಿತ್ತು. ಆಗಲೂ ಓಡಲಿಲ್ಲ, ನಡೆದೇ ಹೋದೆ.

ನಾನು ತಲುಪಿದಾಗ ಅವರು ತೂತಿಗೆ ಮೇಣ ಮೆತ್ತುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. ಅಂಗೈಯಲ್ಲಿದ್ದ ಎಳೆಯನ್ನು ಮುಂದೆ ಚಾಚಿದರು.

"ನೋಡು, ಬೆಳ್ಳಗಿದೆ. ಅಜ್ಜಿಗೆ ಏನೂ ಆಗಿಲ್ಲ."

ನಾನು ನಕಾಶೆ ಕೊಟ್ಟೆ. ವಿವರಿಸಬೇಕಾಗಲಿಲ್ಲ. ಅವರು ಬೇರಿನ ಮೇಲೆ ಕೂತು ಹಾಳೆಯನ್ನು ಮೊಣಕಾಲ ಮೇಲೆ ಹರಡಿಕೊಂಡು, ದಾರಿ ನಡೆಯುವ ಹಾಗೆ ಬೆರಳನ್ನು ಪೂರ್ವದ ಗೇಟಿನಿಂದ ಮೆಲ್ಲಗೆ ನಡೆಸಿದರು. ಪಾಯಖಾನೆಯ ಹತ್ತಿರ ಬೆರಳು ನಿಂತಿತು.

"ಸೋಮವಾರದ ಮೊದಲ್ನೇ ಮರಗಳು?" ಎಂದು ಕೇಳಿದರು.

"ಒಂದೂ ಸತ್ತಿಲ್ಲ."

ಸೊಂಟದ ಬಟ್ಟೆಯನ್ನು ಹಿರಿದು ನೋಡಿದರು. ನನಗೂ ಕೇಳಲೇಬೇಕಿತ್ತು, ಕೇಳಿದೆ. "ಇವತ್ತು ಇದಕ್ಕೆ ಮುಂಚೆ ಯಾವ ಮರ ನೋಡಿದ್ರಿ, ದೊಡ್ಡಪ್ಪ?"

"ನೂರಾ ಹದಿನೆಂಟು" ಎಂದರು. ಬಟ್ಟೆಯನ್ನು ಮಡಚುತ್ತ, "ಕಪ್ಪು ಬಂತು" ಎಂದರು.

ಆಮೇಲೆ ಅವರು ತಲೆಯೆತ್ತಿ, "ನಿಂಗಿದು ಯಾವಾಗ ಗೊತ್ತಾಯ್ತು?" ಎಂದು ಕೇಳಿದರು.

"ಈಗ್ತಾನೆ" ಎಂದೆ.

ಅವರು ನನ್ನನ್ನು ನೋಡಿದರು. ನನಗೆ ಏದುಸಿರಿರಲಿಲ್ಲ, ಹಣೆಯಲ್ಲಿ ಬೆವರಿರಲಿಲ್ಲ. ಮರದ ಹೊರಗಿನಿಂದ ಒಳಗನ್ನು ತಿಳಿಯುವವರಿಗೆ ಅಷ್ಟು ಸಾಕು. ರಿಜಿಸ್ಟರು ತೆಗೆದು, ಅಜ್ಜಿ, ಮೂವತ್ತೊಂದನೇ ಸಲ, ಬಿಳಿ, ಎಂದು ಬರೆದು, ಹೊತ್ತನ್ನೂ ಹಾಕಿದರು.

ಸೋಮವಾರ ಬೆಳಿಗ್ಗೆ ಅವರೇ ನಕಾಶೆ ಹಿಡಿದು ಮೇಲಧಿಕಾರಿಯ ಕೋಣೆಗೆ ಹೋದರು. ನನ್ನನ್ನೂ ಕರೆದುಕೊಂಡು ಹೋದರು. ಮೇಲಧಿಕಾರಿ ಒಳ್ಳೆಯ ಮನುಷ್ಯನೇ. ಒಳ್ಳೆಯವರು ಹೇಳುವುದನ್ನೇ ಹೇಳಿದರು.

"ಇದೆಲ್ಲ ಬರವಣಿಗೆಯಲ್ಲಿ ಬೇಡ, ಡಾಕ್ಟ್ರೇ. ಸೂಜಿ ನಿಲ್ಲಿಸಿಬಿಡೋಣ. ಹುಳ ಅಂತಾನೇ ವರದಿ ಹೋಗಲಿ. ನಿಮಗಿನ್ನು ಎರಡೇ ವರ್ಷ ಇರೋದು, ಮರ್ಯಾದೆಯಿಂದ ಮನೆಗೆ ಹೋಗಿ."

"ಬೇರೆ ಕಡೇನೂ ಪಾರ್ಕುಗಳಿವೆ ಸಾರ್" ಎಂದರು ದೊಡ್ಡಪ್ಪ. "ಅಲ್ಲೂ ನನ್ನಂಥೋರು ಇರ್ತಾರೆ. ಒರೆಸ್ತಾನೇ ಇರ್ತಾರೆ."

ವರದಿ ಇದ್ದದ್ದು ಇದ್ದ ಹಾಗೆ ಹೋಯಿತು. ಪತ್ರಿಕೆಯಲ್ಲೂ ಬಂತು. ಹೆಸರು ಹಾಕಿರಲಿಲ್ಲ, ಆದರೆ ಊರಿಗೆ ಹೆಸರು ಬೇಕೇ? ಕೈಗೆಟುಕದ ಪಾಪಗಳನ್ನೆಲ್ಲ ಬಿಟ್ಟು ಕೈಗೆ ಸಿಕ್ಕ ಒಬ್ಬ ಮುದುಕನನ್ನು ಎಲ್ಲರೂ ಹಿಡಿದುಕೊಂಡರು. ಬೆಂಚಿನಲ್ಲಿ ಪಕ್ಕ ಕೂತಿದ್ದವರು ಎದ್ದುಹೋದರು. ಚಹಾದ ಅಂಗಡಿಯಲ್ಲಿ ಯಾರೋ, "ಡಾಕ್ಟ್ರೇ, ನಮ್ಮನೆ ಗಿಡಕ್ಕೂ ಒಂದು ಸೂಜಿ ಹಾಕ್ತೀರಾ?" ಎಂದನಂತೆ. ದೊಡ್ಡಮ್ಮ ಇದನ್ನು ಕೇಳಿ ಆ ಅಂಗಡಿಯ ಮುಂದೆ ನಿಂತು ಅವನ ಏಳು ತಲೆಮಾರನ್ನು ಜಾಲಾಡಿ ಬಂದರು. ಗಂಡನನ್ನು ಬಯ್ಯುವ ಹಕ್ಕನ್ನು ಅವರು ಬೇರೆ ಯಾರಿಗೂ ಬಿಟ್ಟುಕೊಟ್ಟವರಲ್ಲ. ಮನೆಗೆ ಬಂದು ಆ ಬಟ್ಟೆಯನ್ನು ಒಲೆಗೆ ಹಾಕಿ ಸುಟ್ಟರು.

ಕೊರೆಯುವುದು ನಿಂತಿತು. ಗರಗಸಕ್ಕೂ ಕತ್ತಿಗೂ ಪ್ರತಿ ಮರಕ್ಕೊಮ್ಮೆ ಬೆಂಕಿ ತೋರಿಸಬೇಕೆಂದು ನಿಯಮವಾಯಿತು. ಆಗಲೇ ಸೋಂಕಿದ್ದವು ಸಾಯುತ್ತ ಹೋದವು, ಇನ್ನೂ ಎಪ್ಪತ್ತನಾಲ್ಕು. ಆಮೇಲೆ ನಿಂತಿತು. ಒಂದು ಹೊಸ ಮರಕ್ಕೂ ಬರಲಿಲ್ಲ.

ಅಜ್ಜಿ ಒಂದು ವರ್ಷ ಚೆನ್ನಾಗಿಯೇ ಇದ್ದಳು. ಎರಡನೆಯ ವರ್ಷ ತೊರೆಯ ಕಡೆಯ ಕೊಂಬೆಯಲ್ಲಿ ಎಲೆ ಸಣ್ಣಗೆ ಬಂತು. ದೊಡ್ಡಪ್ಪ ದಿನಾ ಹೋಗಿ ನೋಡುತ್ತಿದ್ದರು, ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು. ಆ ಶನಿವಾರದ ಮೇಲೆ ಅವರು ಯಾವ ಮರವನ್ನೂ ಕೈಯಿಂದ ಮುಟ್ಟಿದ್ದನ್ನು ನಾನು ಕಾಣಲಿಲ್ಲ. ನಡುಬೇಸಿಗೆಗೆ ಅರ್ಧ ಅಜ್ಜಿ ಬಾಡಿದಳು. ಕಡಿಯಲು ಆಜ್ಞೆ ಬಂತು, ಕೆಂಪು ಗುರುತು ಹಾಕುವುದು ಅವರದೇ ಕೆಲಸ, ನಿವೃತ್ತಿಗೆ ಹನ್ನೆರಡು ದಿನ ಉಳಿದಿತ್ತು. ಹಾಕಿದರು. ನಾನು ಅತ್ತೆ, ಅವರು ಅಳಲಿಲ್ಲ.

ಕೊಯ್ಯುವವರಿಗೆ ಒಂದೇ ಮಾತು ಹೇಳಿದರು. "ಬುಡದಲ್ಲಿ ಆಮೇಲೆ ಕೊಯ್ಯಿ. ಮೊದ್ಲು ಎದೆ ಮಟ್ಟದಲ್ಲಿ ಒಂದು ಬಿಲ್ಲೆ ತೆಗಿ."

ತೂತುಗಳೆಲ್ಲ ಆ ಮಟ್ಟದಲ್ಲಿದ್ದವು. ಬಿಲ್ಲೆಯನ್ನು ಎರಡು ಹೋಳು ಮಾಡಿ ಸಾಗಿಸಿ, ಕೆಲಸದವರ ಕೋಣೆಯ ಗೋಡೆಗೆ ಮತ್ತೆ ಜೋಡಿಸಿ ನಿಲ್ಲಿಸಿದರು. ಗೋಡೆಯ ಮುಕ್ಕಾಲು ಪಾಲು ಅದೇ ಆಯಿತು. ಅಂಚಿನ ಸುತ್ತ ಮೂವತ್ತೊಂದು ಗೆರೆಗಳಂತೆ ತೂತುಗಳು. ಇಪ್ಪತ್ತನಾಲ್ಕು ಬೆಳ್ಳಗೆ, ಮೇಣದ ಸಮೇತ ವಾಸಿಯಾಗಿದ್ದವು. ಏಳರಿಂದ ಕಪ್ಪು ಹೊರಟು ಮರದ ನಡುವಿನತನಕ ಬೆಣೆ ಹೊಡೆದ ಹಾಗೆ ಇಳಿದಿತ್ತು. ಕೊನೆಯ ತೂತು, ತೊರೆಯ ಕಡೆಯದು, ಆ ಏಳರಲ್ಲಿ ಒಂದು.

ನಿವೃತ್ತಿಯಾದ ಮೇಲೆ ಅವರು ಒಂಬತ್ತು ವರ್ಷ ಬದುಕಿದರು. ಬೆಳಿಗ್ಗೆ ಪಾಯಖಾನೆಯ ಹಿಂದಿನ ಮರಗಳ ಕೆಳಗೆ ನಡೆದಾಡುತ್ತಿದ್ದರು. ಆ ಸೊಟ್ಟ ಮರಗಳ ಕಡ್ಡಿಗಳಿಂದಲೇ ಈಗ ದೊಡ್ಡ ಸಾಲನ್ನು ಮತ್ತೆ ನೆಟ್ಟಿದ್ದಾರೆ; ನಡು ನಡುವೆ ಬೇರೆ ಜಾತಿಯ ಮರಗಳೂ ಇವೆ, ಒಂದಕ್ಕೆ ಬಂದದ್ದು ಎಲ್ಲಕ್ಕೂ ಬರದಿರಲೆಂದು. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ದೊಡ್ಡಪ್ಪ ಆ ಬಿಲ್ಲೆಯ ಮುಂದೆ ನಿಲ್ಲಿಸುತ್ತಿದ್ದರು. ಯಾರೂ ಕರೆಯದಿದ್ದರೂ ಬರುತ್ತಿದ್ದರು. ಕೋಲಿನಲ್ಲಿ ಒಂದೊಂದೇ ತೂತು ತೋರಿಸಿ, "ಇವೆಲ್ಲಾ ನಾನು ಮಾಡಿದ್ದು. ಮೂವತ್ತೊಂದೂ ನಂದೇ. ನೀವು ಬೆಂಕಿ ಮರೀಬೇಡಿ" ಎನ್ನುತ್ತಿದ್ದರು. ಎಷ್ಟೋ ಸಲ ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಮೂವತ್ತೊಂದೂ ನಂದೇ ಎನ್ನುವಾಗ ಅವರು ನನ್ನ ಕಡೆ ಒಂದು ಸಲವೂ ತಿರುಗಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಈಗ ಅವರಿಲ್ಲ. ಹೊಸಬರಿಗೆ ಬಿಲ್ಲೆ ತೋರಿಸುವುದು ನನ್ನ ಪಾಲಿಗೆ ಬಂದಿದೆ. ಉಳಿದ ಆರು ಸಾಕಿತ್ತು, ಏಳನೆಯದು ಇರಲಿ ಬಿಡಲಿ ಮರ ಹೋಗುತ್ತಿತ್ತು ಎಂದು ವಿಷಯ ತಿಳಿದವರು ನನಗೆ ಸಮಾಧಾನ ಹೇಳುತ್ತಾರೆ. ಇರಬಹುದು. ಕಳೆದ ವಾರ ಹೊಸ ಗುಂಪಿನಲ್ಲಿ ಒಬ್ಬಳು, ಇಷ್ಟು ತೂತು ಮಾಡಿದ್ದು ಯಾರು ಮೇಡಂ ಎಂದು ಕೇಳಿದಳು.

"ಮೂವತ್ತು ನಮ್ಮ ದೊಡ್ಡಪ್ಪಂದು" ಎಂದೆ. "ಗೊತ್ತಿಲ್ಲದೆ ಮಾಡಿದ್ದು. ಇದೊಂದು ನಂದು. ಗೊತ್ತಿತ್ತು."